ಮೂರನೆಯ ಕರೆ

ಕಿವಿ ಕೇಳದವರಿಗೆ ಯಂತ್ರ ಮಾರುವ ಅಂಗಡಿಯ ಫೋನಿನಲ್ಲಿ, ‘ಹೊಸ ಯಂತ್ರಕ್ಕೆ ಒಂದನ್ನು ಒತ್ತಿ, ರಿಪೇರಿಗೆ ಎರಡನ್ನು ಒತ್ತಿ’ ಎಂದು ಸಣ್ಣ ದನಿಯಲ್ಲಿ ಉಲಿಯುವ ಹೆಣ್ಣೊಬ್ಬಳನ್ನು ಕೂರಿಸಿದವನ ಬುದ್ಧಿಗೆ ಏನು ಹೇಳೋಣ? ವಯಸ್ಸಾದವರ ಕಿವಿಯಿಂದ ಮೊದಲು ಜಾರಿಹೋಗುವುದೇ ಅಂಥ ಸಣ್ಣ ದನಿ. ನಮ್ಮ ಅಂಗಡಿಯಲ್ಲಿ ನೆಲ ಒರೆಸುವವಳಿಗೂ ಇದು ಗೊತ್ತು. ಗೊತ್ತಿಲ್ಲದವನು ಒಬ್ಬನೇ, ಯಜಮಾನರ ಹೆಂಡತಿಯ ತಮ್ಮ. ಫೋನಿನ ಉಸ್ತುವಾರಿ ಅವನಿಗೇ ಸಿಕ್ಕಿತು.

ಅವನಿಗೆ ನಾನಿಟ್ಟ ಹೆಸರು ಮೋಡಣ್ಣ. ಏನು ಕೇಳಿದರೂ ‘ಅದೆಲ್ಲ ಕ್ಲೌಡಲ್ಲಿದೆ ಅಕ್ಕಾ’ ಎನ್ನುತ್ತಿದ್ದ. ಹಳೆಯ ಫೋನಿನ ವೈರು ಕಿತ್ತು, ಇಂಟರ್ನೆಟ್ಟಿನಲ್ಲಿ ನಡೆಯುವ ಹೊಸ ಫೋನು ತಂದು, ಒಂದನ್ನು ನನ್ನ ಕೌಂಟರಿನ ಮೇಲೆ, ಇನ್ನೊಂದನ್ನು ಕಿವಿ ಪರೀಕ್ಷೆಯ ಕೋಣೆಯೊಳಗೆ ಇಟ್ಟ. ಆ ಕೋಣೆಗೆ ಹೊರಗಿನ ಸದ್ದು ಹೋಗಬಾರದು, ಒಳಗಿನದು ಬರಬಾರದು ಎಂದು ಗೋಡೆಗೆಲ್ಲ ದಪ್ಪ ಸ್ಪಂಜು ಹೊಡೆದಿದ್ದಾರೆ. ಪರೀಕ್ಷೆ ನಡೆಯುವಾಗ ಅಲ್ಲಿ ಫೋನು ಎತ್ತುವಂತಿಲ್ಲ. ಪರೀಕ್ಷೆ ನಡೆಯದಿದ್ದಾಗ ಅಲ್ಲಿ ಯಾರೂ ಇರುವುದಿಲ್ಲ. ಹೀಗೆ ನಮ್ಮಲ್ಲಿ ಎರಡು ಫೋನು, ಒಂದು ಬಾಯಿ, ಅದು ನನ್ನದು.

ನಾನು ಒಂದು ಕರೆಯಲ್ಲಿರುವಾಗ ಇನ್ನೊಂದು ಬಂದರೆ ಸ್ಪಂಜಿನ ಕೋಣೆಯಲ್ಲಿ ಬಡಿದುಕೊಳ್ಳುತ್ತದೆ. ಮೂರನೆಯದು ಬಂದರೆ? ‘ಅದು ಓವರ್‌ಫ್ಲೋಗೆ ಹೋಗುತ್ತೆ ಅಕ್ಕಾ’ ಎಂದ ಮೋಡಣ್ಣ, ನೀರಿನ ಟ್ಯಾಂಕಿನ ವಿಷಯ ಹೇಳುವವನ ಹಾಗೆ. ಸ್ಪಂಜಿನ ಕೋಣೆಯಲ್ಲಿ ಯಾರೂ ಎತ್ತದ್ದೂ ಕೊನೆಗೆ ಅಲ್ಲಿಗೇ. ಅಲ್ಲಿ ಮೊದಲು ನಮ್ಮ ಯಜಮಾನರ ದನಿ: ‘ನಿಮ್ಮ ಕರೆ ನಮಗೆ ಅಮೂಲ್ಯ.’ ಇದನ್ನು ರೆಕಾರ್ಡ್ ಮಾಡಲು ಅವರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. ಆಮೇಲೆ ಆ ಸಣ್ಣ ದನಿಯವಳು. ಆಮೇಲೆ ಸಂಗೀತ. ತಂತಿವಾದ್ಯದ ಮಂದ್ರದಲ್ಲಿ ಒಂದೇ ಸಾಲು, ‘ಹೂಂ... ಹೂಂ...’ ಎಂದು ಹತ್ತು ನಿಮಿಷ. ಹತ್ತು ನಿಮಿಷಕ್ಕೆ ಕರೆ ತಾನಾಗಿ ಕಟ್ಟಾಗುತ್ತದೆ, ಪರದೆಯ ಮೇಲೆ ‘ಉತ್ತರಿಸಲಾಗಿದೆ’ ಎಂದು ಹಸಿರು ಬೀಳುತ್ತದೆ. ಯಂತ್ರ ಎತ್ತಿಕೊಂಡಿತಲ್ಲ, ಮೋಡಣ್ಣನ ಲೆಕ್ಕದಲ್ಲಿ ಅದೂ ಉತ್ತರವೇ.

ಅವನ ಇನ್ನೊಂದು ಆವಿಷ್ಕಾರ ಬುಕಿಂಗು. ರಿಪೇರಿಗೆ ಬರುವವರೆಲ್ಲ ಫೋನಿನಲ್ಲೇ ಬುಕ್ ಮಾಡಬೇಕು, ಆಗ ತಾನೆ ‘ಡೇಟಾ’ ಸಿಗುವುದು. ಫೋನಿನಲ್ಲಿ ಕರೆ ನಡೆಯುತ್ತಿದ್ದರೆ ಮಾತ್ರ ನನ್ನ ಕಂಪ್ಯೂಟರಿನಲ್ಲಿ ಬುಕಿಂಗ್ ಪುಟ ತೆರೆದುಕೊಳ್ಳುತ್ತದೆ. ಮನುಷ್ಯ ಎದುರಿಗೇ ನಿಂತಿದ್ದರೆ ತೆರೆದುಕೊಳ್ಳುವುದಿಲ್ಲ. ಬುಕಿಂಗ್ ನಂಬರಿಲ್ಲದ ಕೆಲಸವನ್ನು ಹಿಂದಿನ ಕೋಣೆಯ ರಿಪೇರಿಯವರು ಮುಟ್ಟುವ ಹಾಗಿಲ್ಲ.

“ಕಿವಿ ಕೇಳದೇ ಇರೋರು ಫೋನ್ ಹೇಗಪ್ಪಾ ಮಾಡ್ತಾರೆ?” ಎಂದು ಮೊದಲ ದಿನವೇ ಕೇಳಿದ್ದೆ.

“ಮನೇಲಿ ಯಾರಾದ್ರೂ ಮಾಡ್ತಾರೆ ಬಿಡಿ ಅಕ್ಕಾ. ನೀವು ತುಂಬ ನೆಗೆಟಿವ್.”

ಯಜಮಾನರು ನಕ್ಕರು. ಹದಿನೇಳು ವರ್ಷ ಅವರ ಅಂಗಡಿಯ ಮುಖವಾಗಿ ಕೂತವಳು ನಾನು. ಯಾವ ಅಜ್ಜಿಗೆ ಯಾವ ಕಿವಿ ಚುರುಕು, ಯಾವ ತಾತ ಬ್ಯಾಟರಿ ತಿರುವುಮುರುವು ಹಾಕುತ್ತಾರೆ ಎಂದು ಮಗ್ಗಿಯ ಹಾಗೆ ಒಪ್ಪಿಸಬಲ್ಲೆ. ನನ್ನ ಮಾತು ನೆಗೆಟಿವ್! ಸರಿ, ಆಗಲಿ ಎಂದುಕೊಂಡೆ. ಅವರ ಯಂತ್ರ ಹೇಗೆ ನೆಗೆದುಬೀಳುತ್ತದೋ ನೋಡಿಯೇಬಿಡೋಣ ಎಂದು ಕೈಕಟ್ಟಿ ಕೂತೆ. ಆ ಹಟವನ್ನು ಇಲ್ಲೇ ಹೇಳಿಬಿಟ್ಟರೆ ಒಳ್ಳೆಯದು, ಮುಂದಿನದೆಲ್ಲ ಅದರಿಂದಲೇ ಆದದ್ದು.

ಬೈಂಡರು ಬಂದದ್ದು ಒಂದು ಶುಕ್ರವಾರ. ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಅವರದು. ಎಪ್ಪತ್ತು ದಾಟಿದ ಆಳು, ಉಗುರಿನ ಸಂದಿಯಲ್ಲಿ ಒಣಗಿದ ಅಂಟು. ಒಂದು ಕಿವಿ ಹುಟ್ಟಿನಿಂದಲೇ ಹೋಗಿದೆ, ಇನ್ನೊಂದಕ್ಕೆ ನಮ್ಮದೇ ಯಂತ್ರ. ಅದನ್ನು ತಾವೇ ಮಾಡಿದ ಪುಟ್ಟ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟು ತಂದಿದ್ದರು. ಪೆಟ್ಟಿಗೆಗೆ ಬಟ್ಟೆಯ ಕೀಲು, ಮುಚ್ಚಳದ ಮೇಲೆ ದುಂಡು ಅಕ್ಷರದಲ್ಲಿ ವಿಳಾಸ. ಆ ನಾಜೂಕು ನೋಡಿದರೆ ಯಾರಾದರೂ ಮರುಳಾಗಬೇಕು. ನಾನಂತೂ ಆಗಲಿಲ್ಲ, ಕೌಂಟರಿನ ಮೇಲೆ ಕೂಗಿ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಲೆನೋವು.

“ಸದ್ದೇ ಇಲ್ಲಮ್ಮಾ ಇದರಲ್ಲಿ! ಗುರುವಾರದೊಳಗೆ ಬೇಕು!” ಎಂದು ಇಡೀ ಬೀದಿಗೆ ಕೇಳುವಂತೆ ಹೇಳಿದರು. “ನಮ್ಮ ಮನೆಯವಳಿಗೆ ಗಂಟಲಲ್ಲಿ ಗಂಟು! ಗುರುವಾರ ಆಪರೇಷನ್ನು! ಗಂಟಲಿನ ಪೆಟ್ಟಿಗೇನೇ ತೆಗೀತಾರಂತೆ! ಆಮೇಲೆ ಮಾತಿಲ್ಲ! ಈಗಲೇ ದನಿ ಕರ್‌ಕರ್ ಅನ್ನುತ್ತಂತೆ, ಮಗಳು ಬರೆದು ತೋರಿಸಿದಳು. ಅಷ್ಟರೊಳಗೆ ನಾನು ಕೇಳ್ಬೇಕು!”

ಇಷ್ಟೇ ಅವರಿಗೆ ಬೇಕಾಗಿದ್ದದ್ದು. ಹೆಂಡತಿಯ ದನಿ ಈ ಲೋಕದಲ್ಲಿ ಇರಲಿದ್ದದ್ದು ಇನ್ನು ಆರು ದಿನ, ಅಷ್ಟರೊಳಗೆ ಒಂದು ಕಿವಿ.

ನಾನು ಒಂದು ಚೀಟಿಯಲ್ಲಿ ನಮ್ಮ ಫೋನ್ ನಂಬರು ಬರೆದು ಕೊಟ್ಟೆ. ಕೆಳಗೆ ‘ಫೋನಿನಲ್ಲಿ ಬುಕ್ ಮಾಡಿ ಬನ್ನಿ’ ಎಂದು ಬರೆದು ಎರಡು ಗೆರೆ ಎಳೆದೆ. ಅವರು ಕನ್ನಡಕ ಏರಿಸಿ ಓದಿದರು. ಚೀಟಿಯನ್ನು ನೋಡಿದರು, ಫೋನನ್ನು ನೋಡಿದರು, ನನ್ನನ್ನು ನೋಡಿದರು.

“ಇಲ್ಲೇ ಇದ್ದೀನಲ್ಲಮ್ಮಾ.”

“ರೂಲ್ಸು,” ಎಂದೆ, ತುಟಿ ಅಗಲಿಸಿ. ತುಟಿ ಓದಿ ಅರ್ಥ ಮಾಡಿಕೊಂಡರು. ನಮಸ್ಕಾರ ಮಾಡಿ ಹೋದರು.

ಈಗ ಕೇಳುತ್ತೀರಿ, ಬೇರೆ ದಾರಿ ಇರಲಿಲ್ಲವೇ ಎಂದು. ಇತ್ತು. ನನ್ನ ಮೊಬೈಲಿನಿಂದ ನಮ್ಮದೇ ನಂಬರಿಗೆ ಫೋನು ಮಾಡಿ, ನಾನೇ ಎತ್ತಿಕೊಂಡು, ಪುಟ ತೆರೆದು, ಅವರ ಹೆಸರು ಬರೆದಿದ್ದರೆ ಮುಗಿದುಹೋಗುತ್ತಿತ್ತು, ಎರಡು ನಿಮಿಷದ ಕೆಲಸ. ಅವತ್ತು ಹೊಳೆಯಲಿಲ್ಲವೇ? ಹೊಳೆದಿತ್ತು. ನಾನು ಹಾಗೆ ತೇಪೆ ಹಾಕುತ್ತಾ ಹೋದರೆ ಮೋಡಣ್ಣನ ಯಂತ್ರ ಚೆನ್ನಾಗಿ ನಡೆಯುತ್ತಿದೆ ಎಂದೇ ಆಗುತ್ತದಲ್ಲ, ಆ ದಡ್ಡನಿಗೆ ನಾನ್ಯಾಕೆ ಹೆಗಲು ಕೊಡಲಿ ಎಂದುಕೊಂಡು ಸುಮ್ಮನಾದೆ.

ಸೋಮವಾರ ಬೈಂಡರು ನಗುನಗುತ್ತಾ ಬಂದರು, ಕ್ರಾಪು ತೀಡಿಕೊಂಡು, ಇಸ್ತ್ರಿ ಅಂಗಿಯಲ್ಲಿ.

“ಬುಕ್ ಆಗಿದೆಯಮ್ಮಾ! ಶನಿವಾರ ಫೋನ್ ಮಾಡಿದ್ದೆ! ಎಲ್ಲಾ ಹೇಳಿದ್ದೀನಿ!”

ಪರದೆಯಲ್ಲಿ ಹುಡುಕಿದೆ, ಇರಲಿಲ್ಲ. ‘ಬುಕ್ ಆಗಿಲ್ಲ’ ಎಂದು ಬರೆದು ತೋರಿಸಿದೆ.

“ಆಗಿದೆ! ಒಬ್ಬಳು ಹುಡುಗಿ ಎತ್ತಿಕೊಂಡಳು. ಎಷ್ಟು ತಾಳ್ಮೆ ಅಂತೀರಿ! ನನಗೆ ಮಾತು ಸರಿಯಾಗಿ ಕೇಳಿಸಲಿಲ್ಲ, ಆದ್ರೆ ನಾನು ಹೇಳಿದ್ದಕ್ಕೆಲ್ಲ ‘ಹೂಂ, ಹೂಂ’ ಅಂತಾನೇ ಇದ್ದಳು. ಒಂದ್ಸಲಾನೂ ಮಧ್ಯ ಬಾಯಿ ಹಾಕಲಿಲ್ಲ!”

ಹುಡುಗಿ! ನಮ್ಮ ಅಂಗಡಿಯಲ್ಲಿ ತಾಳ್ಮೆಯ ಹುಡುಗಿ! ಕಿವಿ ಪರೀಕ್ಷೆ ಮಾಡುವವಳೊಬ್ಬಳಿದ್ದಾಳೆ, ಅವಳಂತೂ ಮದುವೆಯಾದ ಮೇಲೆ ತನ್ನ ಗಂಡನ ಮಾತನ್ನೇ ಪೂರ್ತಿ ಕೇಳಿದವಳಲ್ಲ. ಮುದುಕರಿಗೆ ಅರಳುಮರಳು ಎಂದು ತೀರ್ಮಾನಿಸಿ, ಅದೇ ಚೀಟಿಯ ಮೇಲೆ ‘ಮತ್ತೆ ಫೋನ್ ಮಾಡಿ’ ಎಂದು ಬರೆದೆ. ಇನ್ನೆರಡು ಗೆರೆ ಎಳೆದೆ. ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು, ಎತ್ತಿಕೊಂಡೆ. ಅವರು ಸ್ವಲ್ಪ ಹೊತ್ತು ನಿಂತು, ತಮ್ಮ ಪೆಟ್ಟಿಗೆ ಜೇಬಿಗೆ ಹಾಕಿಕೊಂಡು ಹೋದರು.

ಬುಧವಾರ ಮಧ್ಯಾಹ್ನ ಮತ್ತೆ ಬಂದರು. ಈ ಸಲ ನಗುವೂ ಇರಲಿಲ್ಲ, ಇಸ್ತ್ರಿಯೂ ಇರಲಿಲ್ಲ. ಪೆಟ್ಟಿಗೆಯ ಜೊತೆ ಮಡಿಸಿದ ಹಾಳೆಯೊಂದನ್ನು ಕೌಂಟರಿನ ಮೇಲೆ ಇಟ್ಟರು. ಹೆಂಡತಿಯ ಕೈಬರಹ: ‘ನಿಮ್ಮ ಫೋನಿನಲ್ಲಿ ಯಾರೂ ಇಲ್ಲ. ಬರೀ ಸಂಗೀತ ಬರುತ್ತಿದೆ. ಇವರು ಮೂರು ಸಲ ಅದರ ಹತ್ತಿರವೇ ಮಾತಾಡಿದ್ದಾರೆ. ದಯವಿಟ್ಟು ನೀವೇ ಬರೆದುಕೊಂಡು ಯಂತ್ರ ನೋಡಿಸಿಕೊಡಿ. ನಾಳೆ ಬೆಳಿಗ್ಗೆ ನನ್ನ ಆಪರೇಷನ್.’

ಓದಿದೆ. ನನಗೆ ಏನನ್ನಿಸಬೇಕಿತ್ತು ಎಂದು ನಿಮಗೆ ಗೊತ್ತು. ನನಗೆ ಅನ್ನಿಸಿದ್ದು ಖುಷಿ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಯಜಮಾನರು ಮೀಟಿಂಗು ಕರೆದಿದ್ದರು. ಮೂರು ತಿಂಗಳಲ್ಲಿ ರಿಪೇರಿಗಳು ಅರ್ಧಕ್ಕರ್ಧ ಇಳಿದಿವೆ, ತಪ್ಪು ಯಾರದು ಎಂಬ ವಿಚಾರಣೆ. ಫೋನಿನದಲ್ಲ, ಪರದೆ ತುಂಬ ಹಸಿರು. ಹಾಗಾದರೆ ಕೌಂಟರಿನವಳ ಬಾಯಿಯದು ಎಂದು ಮೋಡಣ್ಣ ಮೊದಲೇ ತನ್ನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಾಗ ಯಜಮಾನರ ಕಿವಿಯಲ್ಲಿ ಊದಿದ್ದ. ಈಗ ನೋಡಿದರೆ ನನ್ನ ಕೈಯಲ್ಲಿ ಸಾಕ್ಷಿ, ಸಹಿ ಸಮೇತ! ನಾಳೆ ಹತ್ತು ಗಂಟೆಗೆ ಇದನ್ನು ಮೇಜಿನ ಮೇಲೆ ಹರಡಿ, ಇದಕ್ಕೇನಂತೀಯಪ್ಪಾ ಎಂದು ಕೇಳುವಾಗ ಮೋಡಣ್ಣನ ಮುಖ ಹೇಗಿರುತ್ತದೆ ಎಂದು ನೆನೆಸಿಕೊಂಡೆ.

“ನಾಳೆ ಬೆಳಿಗ್ಗೆ ಕರ್ಕೊಂಡು ಹೋಗ್ತಾರಮ್ಮಾ,” ಎಂದರು ಬೈಂಡರು. ಮೊದಲ ಸಲ ಮೆಲ್ಲಗೆ ಮಾತಾಡಿದ್ದರು.

‘ನಾಳೆ ಮಾಡಿಸುತ್ತೇನೆ’ ಎಂದು ಬರೆದೆ. ಆಸ್ಪತ್ರೆಯಲ್ಲಿ ಯಾವುದು ತಾನೆ ಹೇಳಿದ ಹೊತ್ತಿಗೆ ಆಗುತ್ತದೆ, ಮಧ್ಯಾಹ್ನವಾದರೂ ಆದೀತು, ಅಷ್ಟರೊಳಗೆ ಕೊಟ್ಟರಾಯಿತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಫೋನು ಹೊಡೆದುಕೊಂಡಿತು. ಎತ್ತಿಕೊಂಡು, ಬ್ಯಾಟರಿ ನುಂಗಿದ ನಾಯಿಯ ಕಥೆಯನ್ನು ಪೂರ್ತಿ ಕೇಳಿ, ತಲೆ ಎತ್ತಿದರೆ ಬೈಂಡರು ಹೋಗಿದ್ದರು. ಪೆಟ್ಟಿಗೆ ಅಲ್ಲೇ ಇತ್ತು. ಪೆಟ್ಟಿಗೆಯನ್ನೂ ಹಾಳೆಯನ್ನೂ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದೆ. ಹಿಂದಿನ ಕೋಣೆಯಲ್ಲಿ ರಿಪೇರಿಯವರು ಕೆಲಸವಿಲ್ಲದೆ ಪೇಪರು ಓದುತ್ತಾ ಕೂತಿದ್ದರು. ನಡುವೆ ಇದ್ದದ್ದು ಹನ್ನೆರಡು ಹೆಜ್ಜೆ.

ಗುರುವಾರ ಹತ್ತಕ್ಕೆ ಸರಿಯಾಗಿ ಮೀಟಿಂಗು. ಮೋಡಣ್ಣ ಗೋಡೆಯ ಮೇಲೆ ಬಣ್ಣಬಣ್ಣದ ಚಿತ್ರ ಬಿಟ್ಟ. “ನೋಡಿ ಭಾವ, ನೂರಕ್ಕೆ ನೂರು. ಒಂದೇ ಒಂದು ಮಿಸ್ಡ್ ಕಾಲ್ ಇಲ್ಲ. ಕಸ್ಟಮರು ಸರಾಸರಿ ಆರೂವರೆ ನಿಮಿಷ ನಮ್ಮ ಜೊತೆ ಮಾತಾಡ್ತಿದ್ದಾರೆ.”

ಯಜಮಾನರು ತಲೆದೂಗಿದರು. ಅವರಿಗೆ ಹಸಿರು ಕಂಡರೆ ಸಾಕು, ಹಸುವಿನ ಹಾಗೆ. “ಮತ್ತೆ ರಿಪೇರಿ ಯಾಕೆ ಇಳಿದಿದೆ?” ಎಂದು ನನ್ನ ಕಡೆ ತಿರುಗಿದರು.

“ಅವರು ಯಾರ ಜೊತೆ ಮಾತಾಡ್ತಿದ್ದಾರೆ ಅಂತ ಕೇಳಿ ಮೊದಲು,” ಎಂದು ಹಾಳೆಯನ್ನು ಮುಂದೆ ತಳ್ಳಿದೆ.

ಯಜಮಾನರು ಓದಿದರು. ಮೋಡಣ್ಣ ಇಣುಕಿ ನೋಡಿ, “ಒಬ್ಬರು ಹೀಗಂದ್ರೆ ಆಯ್ತಾ ಭಾವ? ಬೇಕಾದ್ರೆ ಕೇಳಿಸ್ತೀನಿ, ಎಲ್ಲಾ ರೆಕಾರ್ಡ್ ಆಗಿದೆ,” ಎಂದ. ಅವನ ಆತ್ಮವಿಶ್ವಾಸಕ್ಕೆ ಬಿರುದು ಕೊಡಬೇಕು. ಮೂರು ತಿಂಗಳಲ್ಲಿ ಅವನು ಒಂದನ್ನೂ ಕೇಳಿರಲಿಲ್ಲ.

ಕೇಳಿಸಿದ. ಅಯ್ಯೋ, ಆ ಅರ್ಧ ಗಂಟೆ! ಸಂಗೀತದ ‘ಹೂಂ... ಹೂಂ...’ ಮೇಲೆ ಒಬ್ಬರಾದ ಮೇಲೆ ಒಬ್ಬರು. ಒಬ್ಬ ಅಜ್ಜಿ ತನ್ನ ಸೊಸೆಯ ದೂರನ್ನೆಲ್ಲ ಆ ತಂತಿವಾದ್ಯಕ್ಕೆ ಹೇಳಿ, ‘ನೀನಾದರೂ ಅರ್ಥ ಮಾಡಿಕೊಂಡೆಯಲ್ಲ ಮಗಳೇ’ ಎಂದು ಹರಸಿದಳು. ಒಬ್ಬರು ನಿವೃತ್ತ ಅಧಿಕಾರಿ ತಮ್ಮ ವಿಳಾಸವನ್ನು ನಾಲ್ಕು ಸಲ ಹೇಳಿ ‘ಬರೆದುಕೊಂಡಿರಾ? ಗುಡ್’ ಎಂದರು. ಎಲ್ಲರಿಗೂ ಎತ್ತಿಕೊಂಡವಳು ಒಳ್ಳೆಯವಳು. ಎಲ್ಲರೂ ಥ್ಯಾಂಕ್ಸ್ ಹೇಳಿ ಇಟ್ಟಿದ್ದಾರೆ. ನನಗೆ ಹದಿನೇಳು ವರ್ಷದಲ್ಲಿ ಅಷ್ಟು ಥ್ಯಾಂಕ್ಸ್ ಸಿಕ್ಕಿರಲಿಲ್ಲ. ಮೋಡಣ್ಣ ಬೆಪ್ಪಾಗಿ ಕೂತಿದ್ದ, ಯಜಮಾನರು ಹಣೆ ಉಜ್ಜಿಕೊಳ್ಳುತ್ತಿದ್ದರು. ನಾನು ಗೆದ್ದಿದ್ದೆ. ಒಳಗೊಳಗೇ ಕುಣಿಯುತ್ತಿದ್ದೆ.

ಆಮೇಲೆ ಬೈಂಡರದು ಬಂತು. ಶನಿವಾರದ್ದು, ಸೋಮವಾರದ್ದು, ಎರಡೂ ಕೂಗು. ಮಂಗಳವಾರದ್ದರಲ್ಲಿ ಅವರ ಕೂಗಿನ ಹಿಂದೆ ಇನ್ನೊಂದು ದನಿ ಕೇಳಿಸಿತು. ಒಡಕು ದನಿ, ಗೋಣಿಚೀಲ ಎಳೆದ ಹಾಗೆ, ಆದರೆ ಒಂದೊಂದು ಅಕ್ಷರವೂ ಖಡಕ್ಕು.

“ರೀ... ರೀ, ಯಾರ ಹತ್ರ ಮಾತಾಡ್ತಿದ್ದೀರ? ಕೊಡಿ ಇಲ್ಲಿ. ಹಲೋ? ಹಲೋ? ರೀ, ಇದು ಸಂಗೀತ ಕಣ್ರೀ! ಯಾರೂ ಇಲ್ಲ ಇಲ್ಲಿ! ಅಯ್ಯೋ, ಇವರಿಗೆ ನಾನು ಹೇಗ್ ಹೇಳ್ಲಿ...”

ಬೈಂಡರು ಹಿಂದಿನಿಂದ, “ಹುಡುಗಿ ಒಳ್ಳೆಯವಳು ಕಣೇ, ನಿಧಾನಕ್ಕೆ ಮಾತಾಡು,” ಎನ್ನುತ್ತಿದ್ದಾರೆ.

ಆಕೆ ನಕ್ಕಳು. ನಕ್ಕು ಕೆಮ್ಮಿದಳು. ಆಮೇಲೆ ಫೋನು ಕೆಳಗಿಡದೆ, ಆ ಸಂಗೀತಕ್ಕೇ ಹೇಳುವವಳ ಹಾಗೆ ಶುರು ಮಾಡಿದಳು.

“ಕಿವಿ ಕೇಳದ ಮನುಷ್ಯ ಎದುರಿಗೆ ಬಂದು ನಿಂತರೆ, ಫೋನ್ ಮಾಡಿ ಅಂತ ಚೀಟಿ ಬರೆದು ಕಳಿಸ್ತಾಳಲ್ಲ, ಆ ಕೌಂಟರಿನವಳಿಗೆ ಬುದ್ಧಿ ಇದ್ಯಾ? ಫೋನ್ ನಂಬರ್ ಬರೆಯೋಕೆ ಕೈ ಬಂತು, ಇವರ ಹೆಸರು ಬರೆಯೋಕೆ ಬರಲಿಲ್ಲ. ಕೆಳಗೆ ಗೆರೆ ಬೇರೆ ಎಳೆದಿದ್ದಾಳೆ ಮಹಾರಾಣಿ, ಎರಡೆರಡು! ನಾನೇ ಬಂದಿದ್ದರೆ ಅವಳ ಜುಟ್ಟು ಹಿಡಿದು ಬಗ್ಗಿಸಿ ಬರೆಸ್ತಿದ್ದೆ. ಐವತ್ತು ವರ್ಷ ಇವರ ಜೊತೆ ಹಾಳೆ ಮಡಿಚಿ ಎಣಿಸಿದೀನಿ, ಒಂದು, ಎರಡು, ಮೂರು ಅಂತ, ಇವರು ನನ್ನ ಎಣಿಕೆ ಕೇಳ್ಕೊಂಡೇ ಹೊಲೀತಿದ್ದರು. ಗುರುವಾರ ಆದ ಮೇಲೆ ಎಣಿಸೋರು ಯಾರು? ನನ್ನ ಗಂಟಲು ಹೋಗುತ್ತೆ, ಅವಳ ಗಂಟಲು ಉಳಿಯುತ್ತೆ. ನ್ಯಾಯ ಹೇಗಿದೆ ನೋಡಿ!”

ಅಲ್ಲಿಗೆ ಹತ್ತು ನಿಮಿಷವಾಗಿ ಕಟ್ಟಾಯಿತು. ಪರದೆಯ ಮೇಲೆ ಹಸಿರು ಬಿತ್ತು, ‘ಉತ್ತರಿಸಲಾಗಿದೆ.’

ಯಾರೂ ನನ್ನ ಕಡೆ ನೋಡಲಿಲ್ಲ. ಗೋಡೆಯ ಗಡಿಯಾರದಲ್ಲಿ ಹತ್ತು ಮುಕ್ಕಾಲು. ನಾನು ಎದ್ದು ಕೌಂಟರಿಗೆ ಹೋಗಿ, ಮೊಬೈಲು ತೆಗೆದು ನಮ್ಮ ನಂಬರು ಒತ್ತಿದೆ. ಎದುರಿಗಿದ್ದ ಫೋನು ಹೊಡೆದುಕೊಂಡಿತು. ಎಡಗೈಯಲ್ಲಿ ಎತ್ತಿಕೊಂಡೆ. ಪುಟ ತೆರೆದುಕೊಂಡಿತು, ಹೆಸರು ಬರೆದೆ, ನಂಬರು ಬಂತು. ಗಡಿಯಾರ ನೋಡಿಕೊಂಡೆ. ಎರಡು ನಿಮಿಷವೂ ಆಗಿರಲಿಲ್ಲ.

ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಂತ್ರವನ್ನು ಬೆಳಕಿಗೆ ಹಿಡಿದರು. ಕಿವಿಗೆ ಹೋಗುವ ಪುಟ್ಟ ಕೊಳವೆಯಲ್ಲಿ ಏನೋ ಗಟ್ಟಿಯಾಗಿ ಕೂತಿತ್ತು. ಸೂಜಿಯಿಂದ ಮೀಟಿದರು, ಬೆಲ್ಲದ ಬಣ್ಣದ ಹರಳೊಂದು ಮೇಜಿನ ಮೇಲೆ ಬಿತ್ತು.

“ಅಂಟು,” ಎಂದರು. “ರಟ್ಟಿಗೆ ಹಚ್ಚೋ ಅಂಟು. ಕೆಲಸ ಮಾಡ್ತಾ ಕೈ ಹಾಕಿದ್ದಾರೆ. ಇದಕ್ಕೂ ಬುಕಿಂಗ್ ಬೇಕಿತ್ತೇನಮ್ಮಾ?”

ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು, ಯಾರನ್ನೂ ಕೇಳದೆ ಹೊರಟೆ. ಮುಚ್ಚಳದ ಮೇಲಿನ ವಿಳಾಸಕ್ಕೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯವಳು ಆಸ್ಪತ್ರೆ ಯಾವುದೆಂದು ಹೇಳಿ, “ಬೆಳಿಗ್ಗೆ ಎಂಟಕ್ಕೇ ಒಳಗೆ ಕರ್ಕೊಂಡ್ರಂತೆ,” ಎಂದಳು. ಆ ಒಂದು ದಿನ ಆ ಆಸ್ಪತ್ರೆಯಲ್ಲಿ ಎಲ್ಲವೂ ಹೇಳಿದ ಹೊತ್ತಿಗೇ ನಡೆದಿತ್ತು.

ಬೈಂಡರು ಉದ್ದನೆಯ ಓಣಿಯ ಕೊನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು, ಯಾರೋ ದೊಡ್ಡವರು ಬಂದ ಹಾಗೆ. ಪೆಟ್ಟಿಗೆ ಕೊಟ್ಟೆ. ಒಂದೇ ಸಲಕ್ಕೆ ಯಂತ್ರವನ್ನು ಕಿವಿಗೆ ಕೂರಿಸಿಕೊಂಡರು. ಮೂಲೆಯಲ್ಲಿ ಗಾಲಿಮಂಚವೊಂದು ಕಿರ್ರೆಂದು ತಿರುಗಿತು, ಅವರು ಬೆಚ್ಚಿ ಅತ್ತ ನೋಡಿದರು. ಯಾರೋ ಕೆಮ್ಮಿದರು. ಎಲ್ಲೋ ನಲ್ಲಿ ಸುರಿಯುತ್ತಿತ್ತು.

“ಈಗ ಎಲ್ಲಾ ಕೇಳುತ್ತಮ್ಮಾ,” ಎಂದರು. “ಎಲ್ಲಾ ಕೇಳುತ್ತೆ.”

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಥ್ಯಾಂಕ್ಸ್ ಹೇಳಿದರು. ನಾನು ಓಡಿದಂತೆ ಹೊರಗೆ ಬಂದು, ಆಸ್ಪತ್ರೆಯ ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತು ಅತ್ತೆ. ಜೀವನವಿಡೀ ಇಷ್ಟೊಂದು ಜನರನ್ನು ದಡ್ಡರೆಂದು ಆಡಿಕೊಂಡವಳು, ಅವರೆಲ್ಲರೂ ಸೇರಿ ಮಾಡದ ಕೇಡನ್ನು ಒಬ್ಬಳೇ ಮಾಡಿದ್ದೆ. ಮೋಡಣ್ಣನಿಗೆ ಗೊತ್ತಿರಲಿಲ್ಲ, ನನಗೆ ಎಲ್ಲ ಗೊತ್ತಿತ್ತು.

ಮಾರನೆಯ ದಿನ ಮೋಡಣ್ಣನನ್ನು ಹಿಡಿದೆ. “ಆ ಮಂಗಳವಾರದ ರೆಕಾರ್ಡು ನನ್ನ ಮೊಬೈಲಿಗೆ ಹಾಕಿಕೊಡು.”

“ಅದು ಪ್ರೈವಸಿ ಅಕ್ಕಾ...”

“ಹಾಕಿಕೊಡ್ತೀಯೋ, ನಿನ್ನ ಮೋಡಕ್ಕೆ ಕಲ್ಲು ಹೊಡೀಲೋ?”

ಹಾಕಿಕೊಟ್ಟ. ಕೊಡುವಾಗ ದನಿ ತಗ್ಗಿಸಿ ಕೇಳಿದ, “ಬೈದಿರೋದನ್ನ ಕಟ್ ಮಾಡ್ಲಾ ಅಕ್ಕಾ? ಗೊತ್ತಾಗದ ಹಾಗೆ ಮಾಡ್ತೀನಿ.” ಆ ದಡ್ಡ ಜನ್ಮದಲ್ಲಿ ಮೊದಲ ಸಲ ನನಗೊಂದು ಉಪಕಾರ ಮಾಡಲು ಹೊರಟಿದ್ದ.

ಹೌದು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು. ಲೆಕ್ಕ ಹಾಕಿದೆ. ಬೈಗುಳ ತೆಗೆದರೆ ಉಳಿಯುವುದು ನಾಲ್ಕು ‘ರೀ’, ಎರಡು ‘ಹಲೋ’, ಒಂದು ಕೆಮ್ಮು. ಆಕೆಯ ದನಿ ತುಂಬಿಕೊಂಡು ಬಂದದ್ದೇ ನನ್ನ ಮೇಲೆ ಸಿಟ್ಟು ಬಂದ ಮೇಲೆ. ಹಾಳೆ ಎಣಿಸಿದ ಮಾತೂ ಅದರ ನಡುವೆಯೇ ಸಿಕ್ಕಿಕೊಂಡಿತ್ತು.

“ಒಂದಕ್ಷರ ಮುಟ್ಟಬೇಡ,” ಎಂದೆ.

ಮೂರು ವಾರವಾದ ಮೇಲೆ, ಆಕೆ ಮನೆಗೆ ಬಂದರೆಂದು ತಿಳಿದು, ಒಂದು ಭಾನುವಾರ ಬೆಳಿಗ್ಗೆ ಹೋದೆ. ಒಂದೇ ದೊಡ್ಡ ಕೋಣೆ. ಕಿಟಕಿಯ ಕೆಳಗೆ ಹೊಲಿಗೆಯ ಚೌಕಟ್ಟು, ಮೂಲೆಯಲ್ಲಿ ಹಾಳೆಗಳ ಅಟ್ಟಿ, ಅಂಟಿನ ವಾಸನೆ. ಆಕೆ ದಿಂಬಿಗೆ ಒರಗಿ ಕೂತಿದ್ದರು, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿಕೊಂಡು. ಮಡಿಲಲ್ಲಿ ಗಂಡ ಕಟ್ಟಿಕೊಟ್ಟ ಪುಟ್ಟ ನೋಟುಬುಕ್ಕು, ದಾರದಲ್ಲಿ ಕಟ್ಟಿದ ಪೆನ್ಸಿಲು. ನಾನು ಯಾರೆಂದು ಬೈಂಡರು ಹೇಳಿದ ಕೂಡಲೇ ಆ ಕಣ್ಣು ನನ್ನ ಮೇಲೆ ನೆಟ್ಟಿತು. ಇಂಥ ನೋಟವನ್ನು ನಾನು ಹದಿನೇಳು ವರ್ಷ ಬೇರೆಯವರ ಮೇಲೆ ಬೀರಿದವಳು, ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬುಧವಾರದ ಡ್ರಾಯರು, ಗುರುವಾರದ ಮೀಟಿಂಗು, ಆ ಎರಡು ನಿಮಿಷ, ಯಾವುದನ್ನೂ ಬಿಡಲಿಲ್ಲ. ಬೈಂಡರು ತಲೆ ತಗ್ಗಿಸಿ ಕೇಳಿದರು. ಆಮೇಲೆ ಮೊಬೈಲು ತೆಗೆದು, “ಇದರಲ್ಲಿ ಅಮ್ಮನ ದನಿ ಇದೆ. ನನ್ನನ್ನ ಬೈದಿದ್ದಾರೆ. ಹಾಗೇ ತಂದಿದೀನಿ,” ಎಂದು ಅವರ ಕಿವಿಯ ಹತ್ತಿರ ಹಿಡಿದು ಒತ್ತಿದೆ.

‘ರೀ... ರೀ, ಯಾರ ಹತ್ರ ಮಾತಾಡ್ತಿದ್ದೀರ?’

ಬೈಂಡರು ಹೆಂಡತಿಯ ಕಡೆ ತಿರುಗಿದರು, ಮಾತು ಅಲ್ಲಿಂದಲೇ ಬಂತೆಂಬ ಹಾಗೆ. ಆಕೆಯ ತುಟಿ ಅಲುಗಿರಲಿಲ್ಲ. ಅವರಿಗೆ ಆಗ ಅರ್ಥವಾಯಿತು. ಎರಡೂ ಕೈಯಲ್ಲಿ ನನ್ನ ಕೈಯನ್ನು ಮೊಬೈಲಿನ ಸಮೇತ ಹಿಡಿದು ಕಿವಿಗೆ ಒತ್ತಿಕೊಂಡರು, ಕಣ್ಣು ಮುಚ್ಚಿದರು. ‘ಇದು ಸಂಗೀತ ಕಣ್ರೀ’ ಎಂಬಲ್ಲಿ ಅವರಿಗೆ ನಗು ಬಂತು. ‘ಬುದ್ಧಿ ಇದ್ಯಾ’ ಎಂಬಲ್ಲಿ ಕಣ್ಣೀರು ಬಂತು. ‘ಒಂದು, ಎರಡು, ಮೂರು’ ಎಂಬಲ್ಲಿ ಅವರ ಬಲಗೈಯ ಬೆರಳು ಗಾಳಿಯಲ್ಲಿ ಸೂಜಿ ಎಳೆಯಿತು. ‘ಅವಳ ಗಂಟಲು ಉಳಿಯುತ್ತೆ’ ಎಂಬುದಕ್ಕೆ ಹಾಡಿಗೆ ತಲೆದೂಗುವವರ ಹಾಗೆ ತಲೆದೂಗಿದರು.

ಮುಗಿಯಿತು. ಆಕೆ ನೋಟುಬುಕ್ಕಿನಲ್ಲಿ ಏನೋ ಬರೆದು ನನ್ನ ಕಡೆ ತಿರುಗಿಸಿದರು. ಕ್ಷಮೆಯ ಮಾತಿರಬಹುದೆಂದು ಆಸೆಯಿಂದ ಬಗ್ಗಿದೆ.

‘ಅದರಲ್ಲಿ ಒಂದು ಮಾತನ್ನೂ ವಾಪಸ್ ತಗೊಳ್ಳಲ್ಲ,’ ಎಂದಿತ್ತು. ಕೆಳಗೆ ಎರಡು ಗೆರೆ ಎಳೆದಿದ್ದರು.

“ಇನ್ನೊಂದ್ಸಲ ಹಾಕಮ್ಮಾ,” ಎಂದರು ಬೈಂಡರು.

ಹಾಕಿದೆ. ಮತ್ತೆ ಕೇಳಿದರು, ಮತ್ತೆ ಹಾಕಿದೆ. ಆರನೆಯ ಸಲಕ್ಕೆ ಅವರಿಗೆ ಬಾಯಿಪಾಠವಾಗಿತ್ತು. ಹೆಂಡತಿಯ ದನಿಯ ಜೊತೆ ದನಿ ಸೇರಿಸಿ, ನನ್ನ ಮುಖವನ್ನೇ ನೋಡುತ್ತಾ, ಅಷ್ಟು ಸಂತೋಷದಿಂದ, ಅಷ್ಟು ಪ್ರೀತಿಯಿಂದ ‘ಆ ಕೌಂಟರಿನವಳಿಗೆ ಬುದ್ಧಿ ಇದ್ಯಾ’ ಎಂದು ಹೇಳುತ್ತಿದ್ದರು. ನಾನು ಮಧ್ಯೆ ಬಾಯಿ ಹಾಕದೆ ‘ಹೂಂ, ಹೂಂ’ ಎನ್ನುತ್ತಾ ಕೂತಿದ್ದೆ.